ಎರಡು ನದಿಗಳ ನಾಡಿನಲ್ಲಿ ಸೈಕಲ್ ಪ್ರವಾಸ: ದೇವಸುಗೂರಿನಿಂದ ಮಾನ್ವಿ–ದೇವದುರ್ಗಗಳ ಮಾರ್ಗ

ಸಂಚಾರವು ಶರಣ ಪರಂಪರೆಗೆ ಹೊಸದಲ್ಲ. ‘ಜಂಗಮ’ ಎಂಬ ಶಬ್ದದ ಮೂಲಾರ್ಥವೇ ಚಲಿಸುವಂಥದು ಎಂದು. ಊರಿಂದ ಊರಿಗೆ ನಡೆದು, ಹೋದಲ್ಲಿ ಪ್ರಸಾದ ಸ್ವೀಕರಿಸಿ, ಸ್ವೀಕರಿಸಿದಲ್ಲಿ ಅರಿವನ್ನು ಹಂಚಿದ ಜಂಗಮರ ದೆಸೆಯಿಂದ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮಠಗಳು ನೆಲೆಗೊಂಡವು. ಮಠಗಳ ಆಶ್ರಯದಲ್ಲಿ ಶಾಲೆಗಳು ಹುಟ್ಟಿದವು. ಇಂದಿಗೂ ಯುಗಾದಿಗೆ ಮುಂಚಿನ ದಿನಗಳಲ್ಲಿ ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಗಳು ತಂಡತಂಡವಾಗಿ ಸಾಗುವುದನ್ನು ಕಾಣಬಹುದು. ದಾರಿಯ ಪಕ್ಕದ ಊರವರು ಚಪ್ಪರ ಹಾಕಿ, ನೀರು, ಮಜ್ಜಿಗೆ, ರೊಟ್ಟಿ, ಪಲ್ಯಗಳ ದಾಸೋಹ ನಡೆಸುತ್ತಾರೆ. ಆ ಯಾತ್ರಿಕನು ನಕಾಶೆಯನ್ನು ಕೈಯಲ್ಲಿ ಹಿಡಿದು ಹೊರಟವನಲ್ಲ. ಮುಂದಿನ ನೀರು ಎಲ್ಲಿದೆ, ನೆರಳು ಎಲ್ಲಿದೆ, ರಾತ್ರಿ ತಂಗುವ ಜಾಗ ಎಲ್ಲಿದೆ ಎಂಬ ಮೂರು ಸಂಗತಿಗಳನ್ನು ತಿಳಿದಿದ್ದರೆ ಅವನಿಗೆ ಸಾಕು.

ಸೈಕಲ್ ಪ್ರವಾಸಕ್ಕೂ ಈ ಮೂರೇ ಆಧಾರ. ಸೈಕಲ್ಲಿನ ಮೇಲೆ ದೇಶ ನೋಡುವುದೆಂದರೆ ಪಂದ್ಯವಲ್ಲ. ವೇಗದ ಪ್ರದರ್ಶನವೂ ಅಲ್ಲ. ನಡೆಯುವವನಿಗಿಂತ ಮೂರು ಪಟ್ಟು ದೂರವನ್ನು ಕ್ರಮಿಸುತ್ತ, ಬಸ್ಸಿನಲ್ಲಿ ಕುಳಿತವನಿಗೆ ಕಾಣದ ಹೊಲ, ಗುಡಿ, ಕೆರೆ, ಕಾಲುವೆಗಳನ್ನು ಕಾಣುತ್ತ, ಬೇಕೆಂದಲ್ಲಿ ಕಾಲೂರಿ ನಿಂತು ಊರವರೊಡನೆ ಮಾತನಾಡುತ್ತ ಸಾಗುವ ಒಂದು ವಿಧಾನ ಅದು. ಈ ವಿಧಾನವು ಫ್ರಾನ್ಸ್ ದೇಶದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಬೆಳೆದು ಒಂದು ವ್ಯವಸ್ಥೆಯ ರೂಪ ಪಡೆದಿದೆ. ಕೃಷ್ಣಾ–ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯಲ್ಲಿ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದೆ; ಅದನ್ನು ಒಂದು ದಾರಿಯಾಗಿ ಪೋಣಿಸುವ ಕೆಲಸ ಮಾತ್ರ ಆಗಬೇಕಾಗಿದೆ. ಆ ದಾರಿಯ ಸ್ವರೂಪವೇನು, ಅದರಿಂದ ಶಾಲೆಗಳಿಗೂ ಮಕ್ಕಳಿಗೂ ಆಗುವ ಪ್ರಯೋಜನವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಫ್ರಾನ್ಸ್ ದೇಶ ಕಲಿಸುವ ಪಾಠ

ಸೈಕಲ್ ಪ್ರವಾಸದ ಪಿತಾಮಹನೆಂದು ಫ್ರಾನ್ಸಿನಲ್ಲಿ ಗೌರವ ಪಡೆದವರು ಪಾಲ್ ದ ವಿವಿ. 1853ರಲ್ಲಿ ಜನಿಸಿದ ಇವರು ಸೇಂತ್ ಎತಿಯೆನ್ ಎಂಬ ಕೈಗಾರಿಕಾ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದವರು. ಅದನ್ನು ಬಿಟ್ಟು ಸೈಕಲ್ಲಿನ ಪ್ರಚಾರಕ್ಕೆ ಜೀವನವನ್ನೇ ಮೀಸಲಿಟ್ಟರು. 1887ರಲ್ಲಿ ಅವರು ಆರಂಭಿಸಿದ ಪತ್ರಿಕೆಯಲ್ಲಿ ‘ವೆಲೋಸಿಯೊ’ ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದರು. ಮಠದ ಶಾಲೆಯ ವಾಚಕರಿಗೆ ಮೆಚ್ಚುಗೆಯಾಗುವ ಸಂಗತಿಯೆಂದರೆ ಅವರು ಸಸ್ಯಾಹಾರಿ. ಪ್ರವಾಸದಲ್ಲಿ ಮದ್ಯವೂ ತಂಬಾಕೂ ಸಲ್ಲದೆಂದು ಬೋಧಿಸಿದವರು. ಹಸಿವಾಗುವ ಮುನ್ನ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು, ಮೈ ಸೋತು ಊಟ ಸೇರದಂಥ ಸ್ಥಿತಿ ಬರುವವರೆಗೆ ತುಳಿಯಬಾರದು, ಬರಿಯ ಜಂಬಕ್ಕಾಗಿ ಸೈಕಲ್ ಓಡಿಸಬಾರದು ಎಂಬುದು ಅವರ ಉಪದೇಶದ ಸಾರ. ದೇಹವೇ ದೇಗುಲವೆಂದು ನಂಬಿದ ನಾಡಿಗೆ ಈ ಮಾತು ಪರಕೀಯವೆನಿಸದು. ಅವರು 1930ರಲ್ಲಿ ನಿಧನ ಹೊಂದಿದರು.

ವೆಲೋಸಿಯೊ ಅವರ ಇನ್ನೊಂದು ಸೇವೆ ಗೇರುಗಳಿಗೆ ಸಂಬಂಧಿಸಿದ್ದು. ಏರಿನಲ್ಲಿ ಹಗುರವಾಗಿಯೂ ಇಳಿಜಾರಿನಲ್ಲಿ ವೇಗವಾಗಿಯೂ ಸಾಗಲು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಬದಲಿಸುವ ಏರ್ಪಾಡು ಬೇಕೆಂದು ಅವರು ಹಟ ಹಿಡಿದು ಪ್ರಯೋಗ ನಡೆಸಿದರು. 1903ರಲ್ಲಿ ಆರಂಭವಾದ ಪ್ರಸಿದ್ಧ ‘ತೂರ್ ದ ಫ್ರಾನ್ಸ್’ ಸ್ಪರ್ಧೆಯು ಅಂಥ ಗೇರುಗಳಿಗೆ ಅನುಮತಿ ಕೊಟ್ಟದ್ದು 1937ರಲ್ಲಿ. ಸ್ಪರ್ಧಾಳುಗಳಿಗಿಂತ ಬಹಳ ಮುಂಚೆ ಸಾಮಾನ್ಯ ಪ್ರವಾಸಿಯೇ ಯಂತ್ರದ ಸುಧಾರಣೆಯನ್ನು ಕೈಗೊಂಡನೆಂಬುದು ಇಲ್ಲಿ ಗಮನಾರ್ಹ.

ಆ ದೇಶದ ಮಾರ್ಗಗಳ ಪೈಕಿ ಎರಡನ್ನು ಉದಾಹರಿಸಬಹುದು. ಮೊದಲನೆಯದು ಲ್ವಾರ್ ನದಿಯ ದಂಡೆಯ ಮಾರ್ಗ. ಸುಮಾರು 900 ಕಿಲೋಮೀಟರು ಉದ್ದದ ಈ ದಾರಿ ಹಳೆಯ ಅರಮನೆಗಳು, ದ್ರಾಕ್ಷಿತೋಟಗಳು ಮತ್ತು ಸಣ್ಣ ಪಟ್ಟಣಗಳ ಮೂಲಕ ಅಟ್ಲಾಂಟಿಕ್ ಸಾಗರದವರೆಗೆ ಹೋಗುತ್ತದೆ. ಎರಡನೆಯದು ದಕ್ಷಿಣ ಭಾಗದ ಮಿದಿ ಕಾಲುವೆಯ ದಾರಿ. 1666ರಿಂದ 1681ರ ಅವಧಿಯಲ್ಲಿ ಪಿಯರ್ ಪಾಲ್ ರಿಕೆ ಎಂಬವರ ಯೋಜನೆಯಂತೆ ತೋಡಿದ ಈ ಕಾಲುವೆ ತುಲೂಸ್ ನಗರದಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಸುಮಾರು 240 ಕಿಲೋಮೀಟರು ಹರಿಯುತ್ತದೆ. ಹಿಂದೆ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯ ಹಾದಿಯೇ ಇಂದು ಸೈಕಲ್ಲಿನವರ ಹಾದಿಯಾಗಿದೆ. 1996ರಲ್ಲಿ ಇದು ವಿಶ್ವ ಪರಂಪರೆಯ ತಾಣವೆಂದು ಮಾನ್ಯವಾಯಿತು. ದಂಡೆಯ ಮರಗಳಿಗೆ ತಗಲಿದ ರೋಗವು 2006ರಲ್ಲಿ ಪತ್ತೆಯಾಗಿ, ಸಾವಿರಾರು ಮರಗಳನ್ನು ಕಡಿಯಬೇಕಾಗಿ ಬಂದು, ಮರಳಿ ನೆಡುವ ಕಾರ್ಯ ಕೈಗೊಳ್ಳಲಾಯಿತು. ನೆರಳಿಲ್ಲದೆ ದಾರಿಯಿಲ್ಲವೆಂಬುದನ್ನು ಆ ಜನರು ಅರಿತಿದ್ದಾರೆ.

ಈ ಮಾರ್ಗಗಳ ಪಕ್ಕದ ತಂಗುದಾಣಗಳಿಗೆ ಅಲ್ಲಿ ಒಂದು ವಿಶೇಷ ಗುರುತು ಕೊಡುವ ಪದ್ಧತಿಯಿದೆ. ಮಾರ್ಗದಿಂದ 5 ಕಿಲೋಮೀಟರಿನ ಒಳಗಿರಬೇಕು, ಸೈಕಲ್ ಇಡಲು ಭದ್ರವಾದ ಜಾಗವಿರಬೇಕು, ಸಣ್ಣಪುಟ್ಟ ರಿಪೇರಿಯ ಸಾಮಾನು ಇರಬೇಕು ಎಂಬುದು ಅದರ ನಿಯಮಗಳಲ್ಲಿ ಸೇರಿವೆ. ಇದಲ್ಲದೆ, ಪ್ರತಿ ಜಿಲ್ಲೆಯಲ್ಲಿ ಆರು ಸ್ಥಳಗಳನ್ನು ಆರಿಸಿ, ಸೈಕಲ್ಲಿನಲ್ಲಿ ಅಲ್ಲಿಗೆ ಹೋದವರು ತಮ್ಮ ಚೀಟಿಯ ಮೇಲೆ ಊರಿನ ಅಂಗಡಿಯ ಮುದ್ರೆ ಹಾಕಿಸಿಕೊಳ್ಳುವ ಒಂದು ಏರ್ಪಾಡೂ ಉಂಟು. ಇಷ್ಟೇ ದಿನಗಳಲ್ಲಿ ಮುಗಿಸಬೇಕೆಂಬ ಕಟ್ಟಳೆ ಅದಕ್ಕಿಲ್ಲ. ಒಬ್ಬನು ಬಾಲ್ಯದಲ್ಲಿ ಆರಂಭಿಸಿ ಮುಪ್ಪಿನಲ್ಲಿ ಪೂರೈಸಬಹುದು.

ಕರ್ನಾಟಕವೂ ಸೈಕಲ್ಲಿಗೆ ಅಪರಿಚಿತವಲ್ಲ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ. ದಕ್ಷಿಣದಲ್ಲಿ 2008ರಿಂದ ನೀಲಗಿರಿ ಬೆಟ್ಟಗಳ ಸೈಕಲ್ ಪ್ರವಾಸವು ಪ್ರಸಿದ್ಧಿ ಪಡೆದಿದೆ. ಆದರೆ ಬಯಲುಸೀಮೆಯ ಪೂರ್ವದಂಚಿನ ರಾಯಚೂರು ಪ್ರವಾಸಿಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ದೇವಸುಗೂರು: ಮಾರ್ಗದ ಹೊಸ್ತಿಲು

ರಾಯಚೂರು ನಗರದಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ, ಕೃಷ್ಣಾ ನದಿಯ ಬಲದಂಡೆಯ ಮೇಲೆ ದೇವಸುಗೂರು ಇದೆ. ಇಲ್ಲಿಯ ಸೂಗೂರೇಶ್ವರನು ಸುತ್ತಣ ಸೀಮೆಯ ಮನೆದೇವರು. ಸೂಗಪ್ಪ, ಸೂಗಮ್ಮ, ಸೂಗೂರೇಶ ಎಂಬ ಹೆಸರುಗಳಿಲ್ಲದ ಹಾಜರಿ ಪುಸ್ತಕ ಈ ಭಾಗದ ಶಾಲೆಗಳಲ್ಲಿ ದುರ್ಲಭ. ವಾರ್ಷಿಕ ಜಾತ್ರೆಯ ರಥೋತ್ಸವಕ್ಕೆ ಕರ್ನಾಟಕದವರಷ್ಟೇ ಅಲ್ಲ, ನದಿಯಾಚೆಯ ತೆಲಂಗಾಣದ ಭಕ್ತರೂ ಬರುತ್ತಾರೆ.

ಊರಿಗೆ ಹೊಂದಿಕೊಂಡಂತೆ ಶಕ್ತಿನಗರವಿದೆ. ರಾಜ್ಯದ ಮೊದಲ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಇಲ್ಲಿ ಕಾರ್ಯಾರಂಭ ಮಾಡಿತು. ಮುಂದೆ ಘಟಕಗಳ ಸಂಖ್ಯೆ ಎಂಟಕ್ಕೇರಿ, ಒಟ್ಟು ಸಾಮರ್ಥ್ಯ 1720 ಮೆಗಾವಾಟ್ ಆಯಿತು. ನದಿಗೆ ಅಡ್ಡಲಾಗಿ ಹೈದರಾಬಾದ್ ಸಂಸ್ಥಾನದ ಕಾಲದ ಕಮಾನುಗಳ ಸೇತುವೆಯಿದೆ. ನಿಜಾಮರ ಆಳ್ವಿಕೆಯಲ್ಲಿ ಕಟ್ಟಿ 1943ರಲ್ಲಿ ಪೂರೈಸಿದ ಇದಕ್ಕೆ ‘ಸಿರತ್-ಎ-ಜೂದಿ’ ಎಂಬ ಹೆಸರು. ನದಿಯಾಚೆಗೆ ಹೋಗಬಯಸುವವರು ಸಂಚಾರದ ಸ್ಥಿತಿಯನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು.

ಪ್ರಾಚೀನ ಗುಡಿ, ಸಂಸ್ಥಾನದ ಸೇತುವೆ, ಸ್ವತಂತ್ರ ಭಾರತದ ವಿದ್ಯುತ್ ಕೇಂದ್ರ – ಮೂರು ಯುಗಗಳು ಒಂದೇ ದಂಡೆಯ ಮೇಲೆ ಸೇರಿರುವ ಈ ಊರು ಪ್ರವಾಸದ ಆರಂಭಕ್ಕೆ ಅತ್ಯಂತ ಯೋಗ್ಯವಾದುದು. ಮುಂದೆ ವಿವರಿಸುವ ನಾಲ್ಕು ದಿನಗಳ ಸುತ್ತು ಇಲ್ಲಿಂದ ಹೊರಟು ರಾಯಚೂರು, ಮಾನ್ವಿ, ದೇವದುರ್ಗ, ಗಬ್ಬೂರುಗಳನ್ನು ಮುಟ್ಟಿ ಮರಳಿ ಇಲ್ಲಿಗೇ ಬರುತ್ತದೆ. ಒಟ್ಟು ದೂರ 190 ಕಿಲೋಮೀಟರುಗಳಿಗೆ ಸಮೀಪ.

ಮೊದಲ ದಿನ: ರಾಯಚೂರು

ಮೊದಲ ದಿನದ ದೂರ ಕಡಿಮೆ; ಆದರೆ ರಸ್ತೆಯಲ್ಲಿ ಭಾರಿ ವಾಹನಗಳ ಸಂಚಾರ ಹೆಚ್ಚು. ಆದ್ದರಿಂದ ಬೆಳಕು ಹರಿಯುತ್ತಲೇ ಹೊರಟು ಎರಡು ಗಂಟೆಯೊಳಗೆ ನಗರವನ್ನು ಸೇರಬೇಕು. ಉಳಿದ ಹೊತ್ತನ್ನು ಕೋಟೆಗೆ ಮೀಸಲಿಡಬೇಕು.

ರಾಯಚೂರಿನ ಕೋಟೆಯನ್ನು ಕಾಕತೀಯರ ಕಾಲದಲ್ಲಿ, 1294ರಲ್ಲಿ ಕಟ್ಟಿದ ವಿಷಯವು ಕೋಟೆಯ ಗೋಡೆಯಲ್ಲಿರುವ ಒಂದು ಬೃಹತ್ ಶಿಲೆಯ ಮೇಲಿನ ಶಾಸನದಿಂದ ತಿಳಿಯುತ್ತದೆ. ಆ ಶಿಲೆಯ ಉದ್ದ 41 ಅಡಿಗಿಂತ ಹೆಚ್ಚು. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಸಾಗಿಸಿದ ದೃಶ್ಯವನ್ನು ಗೋಡೆಯಲ್ಲಿಯೇ ಕೊರೆದು ತೋರಿಸಲಾಗಿದೆ. ಸೈಕಲ್ಲಿನಿಂದ ಇಳಿದು ಬಂದ ವಿದ್ಯಾರ್ಥಿಗೆ ಈ ಚಿತ್ರ ಒಂದು ಪಾಠವಾಗಬಲ್ಲದು. ಚಕ್ರ, ಅಚ್ಚು, ಎಳೆಯುವ ಬಲ – ಈ ಮೂರನ್ನು ಏಳು ನೂರು ವರ್ಷಗಳ ಹಿಂದಿನ ಕುಶಲಕರ್ಮಿಗಳು ಹೇಗೆ ಬಳಸಿದರೆಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಎರಡು ನದಿಗಳ ನಡುವಣ ಈ ಫಲವತ್ತಾದ ಭೂಮಿಗಾಗಿ ವಿಜಯನಗರದ ಅರಸರಿಗೂ ಬಹಮನಿ ಸುಲ್ತಾನರಿಗೂ, ಅವರ ತರುವಾಯ ಬಿಜಾಪುರದ ಆದಿಲಶಾಹಿಗಳಿಗೂ ಮೇಲಿಂದ ಮೇಲೆ ಯುದ್ಧಗಳಾದವು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದ ವೃತ್ತಾಂತವನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ವಿವರವಾಗಿ ದಾಖಲಿಸಿದ್ದಾನೆ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲು ಮಾರ್ಗವೂ ಮದ್ರಾಸಿನಿಂದ ಬಂದ ರೈಲು ಮಾರ್ಗವೂ ಕೂಡಿಕೊಂಡದ್ದು ಇದೇ ರಾಯಚೂರಿನಲ್ಲಿ. ಸೇನೆಗಳು ಕೂಡಿ ಕಾದಾಡಿದ ಊರು ಹೀಗೆ ಜನರು ಕೂಡುವ ಊರಾಯಿತು. ಸಮಯವುಳ್ಳವರು ಹದಿನಾರನೆಯ ಶತಮಾನದ ಆರಂಭದ ಏಕ್ ಮಿನಾರ್ ಮಸೀದಿಯನ್ನೂ, ನಗರದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರು ದೂರದ ಮಲಿಯಾಬಾದ್ ಕೋಟೆಯಲ್ಲಿನ ಕಲ್ಲಿನ ಆನೆಗಳನ್ನೂ ನೋಡಬಹುದು.

ಎರಡನೆಯ ದಿನ: ಕಾಲುವೆಯ ಸೀಮೆ

ರಾಯಚೂರಿನಿಂದ ನೈಋತ್ಯಕ್ಕೆ ಕಲ್ಲೂರು, ನೀರಮಾನ್ವಿಗಳ ದಾರಿಯಾಗಿ ಮಾನ್ವಿಗೆ ಐವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಗಂಟೆಗೆ 12ರಿಂದ 15 ಕಿಲೋಮೀಟರು ಸಾಗುವ ಸಾಮಾನ್ಯ ಸವಾರನಿಗೆ ವಿಶ್ರಾಂತಿಯೂ ಸೇರಿ ಇದು ಐದು ಗಂಟೆಯ ದಾರಿ. ಕಲ್ಲೂರಿನಲ್ಲಿ ಮಹಾಲಕ್ಷ್ಮಿಯ ಗುಡಿ, ನೀರಮಾನ್ವಿಯಲ್ಲಿ ಯಲ್ಲಮ್ಮನ ಸನ್ನಿಧಿ ಇವೆ. ಇವೆರಡೂ ಸಹಜವಾದ ವಿಶ್ರಾಂತಿ ಸ್ಥಾನಗಳು.

ಮಾನ್ವಿಯನ್ನು ಸಮೀಪಿಸುತ್ತಿದ್ದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಜೋಳ, ಹತ್ತಿ, ತೊಗರಿಗಳ ಒಣ ಹೊಲಗಳು ಹಿಂದೆ ಸರಿದು ಬತ್ತದ ಗದ್ದೆಗಳು ಕಾಣತೊಡಗುತ್ತವೆ. ಇದಕ್ಕೆ ಕಾರಣ ತುಂಗಭದ್ರಾ ಎಡದಂಡೆ ಕಾಲುವೆ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಸುಮಾರು 227 ಕಿಲೋಮೀಟರು ಉದ್ದದ ಈ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿಗಳ ಮೂಲಕ ರಾಯಚೂರಿನತ್ತ ನೀರನ್ನು ತಂದಿತು. ಕಾಲುವೆಯ ಆರಂಭದ ಊರುಗಳಲ್ಲಿ ನೀರಿನ ಸಮೃದ್ಧಿ, ಕೊನೆಯ ಭಾಗದ ಊರುಗಳಲ್ಲಿ ನೀರಿಗಾಗಿ ಕಾಯುವ ರೈತ – ಈ ಅಂತರವು ಬಹುಕಾಲದ ಸಮಸ್ಯೆಯಾಗಿದೆ. ಭೂಗೋಳದ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ವಿಷಯವನ್ನು ಸೈಕಲ್ಲಿನ ಮೇಲೆ ಹೊರಟ ವಿದ್ಯಾರ್ಥಿ ಕಿಲೋಮೀಟರು ಕಿಲೋಮೀಟರಿಗೆ ಕಾಣುತ್ತಾನೆ.

ಫ್ರಾನ್ಸಿನ ಮಿದಿ ಕಾಲುವೆಗೂ ಈ ಕಾಲುವೆಗೂ ಇರುವ ಸಾಮ್ಯ ಇಲ್ಲಿ ನೆನಪಿಗೆ ಬಾರದಿರದು. ಒಂದು ದೋಣಿಗಾಗಿ, ಇನ್ನೊಂದು ಬೆಳೆಗಾಗಿ ತೋಡಿದ್ದು. ಆದರೆ ಎರಡಕ್ಕೂ ದಂಡೆಗುಂಟ ದಾರಿಯಿದೆ. ಕಾಲುವೆಯ ಉಸ್ತುವಾರಿಗಾಗಿ ಬಿಟ್ಟ ದಂಡೆಯ ದಾರಿಗಳು ಬಹುಮಟ್ಟಿಗೆ ಸಮತಟ್ಟಾಗಿದ್ದು, ಲಾರಿಗಳ ಗದ್ದಲವಿಲ್ಲದೆ ಇರುತ್ತವೆ. ಆದರೆ ಅವುಗಳಿಗೆ ತಡೆಗೋಡೆಯಿಲ್ಲ. ನೀರಿನ ಸೆಳೆತ ಬಲವಾದುದು. ನೀರಾವರಿ ಇಲಾಖೆಯ ಅನುಮತಿಯಿಲ್ಲದೆ, ಹಿರಿಯರ ಜೊತೆಯಿಲ್ಲದೆ ಮಕ್ಕಳನ್ನು ಅಲ್ಲಿಗೆ ಬಿಡಲಾಗದು. ಯೋಗ್ಯವಾದ ಕೆಲವು ಭಾಗಗಳನ್ನು ಆರಿಸಿ, ದಂಡೆಯ ಅಂಚಿಗೆ ಬೇಲಿ ಹಾಕಿಸಿ, ಬೇವು ಹೊಂಗೆಗಳನ್ನು ನೆಟ್ಟರೆ, ಮುಂದಿನ ಪೀಳಿಗೆಗೆ ಒಂದು ಉತ್ತಮ ಸೈಕಲ್ ದಾರಿ ಸಿದ್ಧವಾಗುತ್ತದೆ.

ಮಾನ್ವಿಯು ದಾಸ ಸಾಹಿತ್ಯದ ಪುಣ್ಯಭೂಮಿ. ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ಹತ್ತಿರದ ಬ್ಯಾಗವಾಟದಲ್ಲಿ ಜನಿಸಿ ಮಾನ್ವಿಯಲ್ಲಿ ನೆಲೆಸಿದ್ದವರು. ವಿಜಯದಾಸರ ಚೀಕಲಪರ್ವಿಯು ತುಂಗಭದ್ರೆಯ ದಂಡೆಯ ಮೇಲೆ ಇದೇ ಸೀಮೆಯಲ್ಲಿದೆ. ಮಾನ್ವಿಯಲ್ಲಿ ಎರಡು ರಾತ್ರಿ ತಂಗುವವರು ನಡುವಣ ದಿನವನ್ನು ಚೀಕಲಪರ್ವಿಗೆ ಹೋಗಿಬರಲು ಬಳಸಬಹುದು. ದೇವಸುಗೂರಿನ ಕೃಷ್ಣೆಯನ್ನು ಕಂಡು ಹೊರಟವನು ತುಂಗಭದ್ರೆಯ ನೀರನ್ನೂ ಮುಟ್ಟಿದಾಗಲೇ ದೋಆಬಿನ ಪ್ರವಾಸ ಸಾರ್ಥಕವೆನಿಸುತ್ತದೆ.

ಮೂರನೆಯ ದಿನ: ಎರೆಭೂಮಿಯ ದಾರಿ

ಮಾನ್ವಿಯಿಂದ ಸಿರವಾರದ ಮೂಲಕ ಉತ್ತರಕ್ಕೆ ತಿರುಗಿ ದೇವದುರ್ಗವನ್ನು ಸೇರುವುದು ಮೂರನೆಯ ದಿನದ ಕಾರ್ಯಕ್ರಮ. ದೂರ ಸುಮಾರು 50 ಕಿಲೋಮೀಟರು. ಒಂದು ನದಿಯ ನೀರಾವರಿಯನ್ನು ಬಿಟ್ಟು ಇನ್ನೊಂದು ನದಿಯ ನೀರಾವರಿಯ ಕಡೆಗೆ ಹೋಗುವ ದಾರಿಯಿದು. ಎರಡರ ನಡುವೆ ಮಳೆಯನ್ನೇ ನಂಬಿದ ಹೊಲಗಳಿವೆ. ದೇವದುರ್ಗದ ಕಡೆಗೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಿದೆ.

ದೇವದುರ್ಗವು ಹಿಂದೆ ನಾಯಕ ಅರಸುಮನೆತನದ ಆಳ್ವಿಕೆಗೆ ಒಳಪಟ್ಟಿದ್ದ ಸ್ಥಳ. ತಾಲೂಕಿನ ಉತ್ತರದ ಗಡಿಗುಂಟ ಕೃಷ್ಣೆ ಹರಿಯುತ್ತಾಳೆ. ನದಿಯ ದಂಡೆಯ ಕೊಪ್ಪರದಲ್ಲಿ ನರಸಿಂಹನ ಗುಡಿಯಿದೆ. ಗೋಪಾಲದಾಸರು ಜನಿಸಿದ ಮೊಸರಕಲ್ಲು ಇದೇ ತಾಲೂಕಿನದು. ನದಿಯನ್ನು ದಾಟಿ ಸುರಪುರ ಸೀಮೆಗೆ ಹೋದರೆ ತಿಂಥಣಿಯ ಮೌನೇಶ್ವರ ಸನ್ನಿಧಿಯಿದೆ. ಅಲ್ಲಿ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಭಕ್ತರು ನಡೆದುಕೊಳ್ಳುವುದು ನಾಡಿಗೆಲ್ಲ ತಿಳಿದ ವಿಷಯ.

ಇನ್ನೂ ಕೆಲವು ದಿನಗಳ ಬಿಡುವಿರುವ ಪ್ರೌಢ ಸವಾರರು ಮಾನ್ವಿಯಿಂದ ನೇರವಾಗಿ ದೇವದುರ್ಗಕ್ಕೆ ಬಾರದೆ ಪಶ್ಚಿಮಕ್ಕೆ ಸಾಗಿ ಮಸ್ಕಿ, ಮುದಗಲ್ಲು, ಲಿಂಗಸುಗೂರುಗಳನ್ನು ಸುತ್ತಿ ಬರಬಹುದು. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನವು ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದನ್ನು ಸ್ಥಿರಪಡಿಸಿತು. ಲಿಂಗಸುಗೂರು ಸೀಮೆಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಊರು. ಅಂದಂದಿನ ಕಾಯಕದಿಂದ ಬಂದಷ್ಟನ್ನೇ ದಾಸೋಹಕ್ಕೆ ಸಲ್ಲಿಸಬೇಕು, ಮಿಗಿಲಾದುದನ್ನು ಆಶಿಸಬಾರದು ಎಂದು ಪತಿಯನ್ನು ಎಚ್ಚರಿಸಿದ ಆ ತಾಯಿಯ ಊರಿಗೆ ತನ್ನ ಕಾಲಬಲದಿಂದಲೇ ಹೋಗುವುದು ಅರ್ಥಪೂರ್ಣವಾದ ಯಾತ್ರೆ.

ನಾಲ್ಕನೆಯ ದಿನ: ಗಬ್ಬೂರಿನ ಮೂಲಕ ಮರಳಿ

ದೇವದುರ್ಗದಿಂದ ರಾಯಚೂರಿನ ರಸ್ತೆಯಲ್ಲಿ ಹೆಚ್ಚುಕಡಿಮೆ ಅರ್ಧ ದಾರಿಗೆ ಗಬ್ಬೂರು ಸಿಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳೂ ಮಳೆಶಂಕರ ಮೊದಲಾದ ಹಳೆಯ ದೇವಾಲಯಗಳೂ ಇರುವ ಈ ಊರಿನಲ್ಲಿ ಬೂದಿಬಸವೇಶ್ವರ ಮಠವಿದೆ. ಅರ್ಧ ದಿನವನ್ನಾದರೂ ಇಲ್ಲಿ ಕಳೆಯದೆ ಮುಂದೆ ಸಾಗಬಾರದು. ಇಲ್ಲಿಂದ ರಾಯಚೂರು, ಅಲ್ಲಿಂದ ದೇವಸುಗೂರು – ಆ ದಿನದ ಒಟ್ಟು ದೂರ ಎಪ್ಪತ್ತು ಕಿಲೋಮೀಟರನ್ನು ಮೀರುತ್ತದೆ. ಎಳೆಯರ ತಂಡವಾದರೆ ಗಬ್ಬೂರಿನಲ್ಲಿಯೋ ರಾಯಚೂರಿನಲ್ಲಿಯೋ ತಂಗಿ ಐದನೆಯ ದಿನ ಊರು ಸೇರುವುದು ಉಚಿತ.

ಕಾಲ, ಗಾಳಿ ಮತ್ತು ಮಣ್ಣು

ಫ್ರಾನ್ಸಿನವರು ಬೇಸಿಗೆಯಲ್ಲಿ ಪ್ರವಾಸ ಹೊರಡುತ್ತಾರೆ. ರಾಯಚೂರಿನಲ್ಲಿ ಆ ಕ್ರಮ ತಲೆಕೆಳಗಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿಯೇ ಯೋಗ್ಯ. ಆಗಲೂ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ದಿನದ ದೂರದ ಬಹುಭಾಗವನ್ನು ಮುಗಿಸಬೇಕು.

ಆ ತಿಂಗಳುಗಳಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವ ಅಥವಾ ಈಶಾನ್ಯದಿಂದ ಬೀಸುತ್ತದೆ. ಆದುದರಿಂದ ರಾಯಚೂರಿನಿಂದ ಮಾನ್ವಿಯ ಕಡೆಗೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ದೇವದುರ್ಗದಿಂದ ಮರಳುವಾಗ ಎದೆಗೆ ಬರುತ್ತದೆ. ಹೊತ್ತೇರಿದಂತೆ ಗಾಳಿಯ ಬಲವೂ ಹೆಚ್ಚುವುದರಿಂದ ಕೊನೆಯ ದಿನ ಇನ್ನಷ್ಟು ಬೇಗ ಹೊರಡಬೇಕು. ಸಾಲಾಗಿ ಸಾಗುವಾಗ ಮುಂದಿನವನು ಗಾಳಿಯನ್ನು ಸೀಳಿದರೆ ಹಿಂದಿನವರಿಗೆ ಶ್ರಮ ಕಡಿಮೆ. ಸರದಿಯಂತೆ ಎಲ್ಲರೂ ಮುಂದೆ ಬರುವುದು ನ್ಯಾಯ. ಬಲವುಳ್ಳವನು ಹೆಚ್ಚು ಹೊತ್ತು ಮುಂದಿರುವುದು ಧರ್ಮ.

ಎರೆಮಣ್ಣಿನ ಸ್ವಭಾವವನ್ನು ಅರಿತಿರಬೇಕು. ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗಿರುವ ಈ ಮಣ್ಣು ಒಂದು ಮಳೆ ಬಿದ್ದರೆ ಅಂಟಿನಂತಾಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರ ತಿರುಗದಂತೆ ಮಾಡುತ್ತದೆ. ಮಳೆಯಾದ ದಿನ ಹೊಲದ ದಾರಿಗೆ ಇಳಿಯದೆ ಡಾಂಬರು ರಸ್ತೆಯಲ್ಲಿಯೇ ಇರಬೇಕು. ರಸ್ತೆಯಂಚಿನ ಜಾಲಿಯ ಮುಳ್ಳು ಇನ್ನೊಂದು ಶತ್ರು. ಸೈಕಲ್ಲನ್ನು ಜಾಲಿಯ ನೆರಳಿಗೆ ತಳ್ಳಿಕೊಂಡು ಹೋಗಿ ನಿಲ್ಲಿಸಿದವನು ಪಂಕ್ಚರ್ ತಿದ್ದುತ್ತ ಕೂರಬೇಕಾಗುತ್ತದೆ. ಬೇವಿನ ಮರವನ್ನು ಹುಡುಕುವುದು ಜಾಣತನ.

ಸೈಕಲ್ಲಿನ ಸಿದ್ಧತೆ

ಈ ಪ್ರವಾಸಕ್ಕೆ ಬೆಲೆಬಾಳುವ ಸೈಕಲ್ ಬೇಕಿಲ್ಲ. ಊರಿನ ಸಾಧಾರಣ ಸೈಕಲ್ಲಿನ ಮುಂದಿನ ಹಲ್ಲುಚಕ್ರಕ್ಕೆ 44, ಹಿಂದಿನದಕ್ಕೆ 18 ಹಲ್ಲುಗಳಿದ್ದರೆ, ಪೆಡಲಿನ ಒಂದು ಸುತ್ತಿಗೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಿ ಸೈಕಲ್ ಐದು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ರಾಯಚೂರು ಸೀಮೆಯ ಅಲೆಯಲೆಯಾದ ನೆಲಕ್ಕೆ ಇದು ಸಾಲುತ್ತದೆ. ಎಲ್ಲಿಯಾದರೂ ಏರು ಕಡಿದಾದರೆ ಇಳಿದು ತಳ್ಳುವುದರಲ್ಲಿ ಅವಮಾನವಿಲ್ಲ. ಗೇರುಗಳುಳ್ಳ ಸೈಕಲ್ಲಾದರೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನನ್ನು ಬದಲಿಸಿ ಕಾಲಿನ ಭಾರವನ್ನು ಇಳಿಸಿಕೊಳ್ಳಬಹುದು.

ಹೊರಡುವ ವಾರದ ಮುಂಚೆ ಬ್ರೇಕಿನ ಕಟ್ಟೆಗಳನ್ನು ಹೊಸದಾಗಿ ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು, ಸೀಟಿನ ಎತ್ತರವನ್ನು ಸರಿಪಡಿಸಿಕೊಳ್ಳಬೇಕು. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಹೆಚ್ಚು ಬಾಗಿದರೆ ಎರಡನೆಯ ದಿನಕ್ಕೇ ಮಂಡಿನೋವು ಆರಂಭವಾಗುತ್ತದೆ. ಪಂಪು, ಬದಲಿ ಟ್ಯೂಬು, ಪಂಕ್ಚರ್ ಸಾಮಾನು, ಪಾನಾ ತಂಡದಲ್ಲಿರಬೇಕು. ಸಾಮಾನನ್ನು ಬೆನ್ನಿಗೆ ಹೊರದೆ ಕ್ಯಾರಿಯರಿಗೆ ಬಿಗಿದರೆ ಬೆವರೂ ನೋವೂ ಕಡಿಮೆ. ತಲೆಗೆ ಹೆಲ್ಮೆಟ್, ಸೈಕಲ್ಲಿನ ಹಿಂಬದಿಗೆ ಬೆಳಕನ್ನು ಪ್ರತಿಫಲಿಸುವ ಕೆಂಪು ಬಿಲ್ಲೆ, ಒಬ್ಬೊಬ್ಬರಿಗೆ ಮೂರು ಲೀಟರು ನೀರು – ಇವು ಕಡ್ಡಾಯ. ಊಟಕ್ಕೆ ಈ ಸೀಮೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲಗಳಿಗಿಂತ ಉತ್ತಮವಾದ ಬುತ್ತಿ ಬೇರೆಯಿಲ್ಲ. ಕಟಕ ರೊಟ್ಟಿ ಹಲವು ದಿನ ಕೆಡುವುದಿಲ್ಲ.

ಶಾಲೆಗಳ ಪಾಲು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಬಿಸಿಲಿಗೂ ಬರಕ್ಕೂ ಹೆಸರಾದ ಸೀಮೆಯಲ್ಲಿ, ಕೊರತೆಗಳು ಇಷ್ಟೊಂದಿರುವಾಗ, ಸೈಕಲ್ ಪ್ರವಾಸವೆಂಬುದು ಉಳ್ಳವರ ವಿನೋದವಲ್ಲವೇ?

ಉತ್ತರವನ್ನು ಶಾಲೆಯ ಗೇಟಿನ ಬಳಿಯಲ್ಲಿಯೇ ಹುಡುಕಬೇಕು. ರಾಜ್ಯ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು; ಅದು ಹಲವು ವರ್ಷ ನಡೆಯಿತು. ಪ್ರೌಢಶಾಲೆಯಿಲ್ಲದ ಹಳ್ಳಿಯ ಹೆಣ್ಣುಮಕ್ಕಳ ಓದು ಏಳನೆಯ ತರಗತಿಗೇ ನಿಲ್ಲದಂತೆ ಮಾಡುವಲ್ಲಿ ಸೈಕಲ್ಲಿನ ಪಾತ್ರ ಎಷ್ಟೆಂಬುದನ್ನು ಬಿಹಾರದ ಇಂಥದೇ ಯೋಜನೆಯ ಕುರಿತು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿಕೊಟ್ಟಿದೆ. ಅಲ್ಲಿ ಪ್ರೌಢಶಾಲೆಗೆ ಸೇರುವ ಬಾಲಕಿಯರ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತು. ಸೈಕಲ್ ಕೊಡುವುದರಿಂದ ಅರ್ಧ ಕೆಲಸವಾಯಿತು. ಅದನ್ನು ನಿರ್ಭಯವಾಗಿ ಓಡಿಸಲು ದಾರಿ ಬೇಕು. ಲಾರಿಗಳು ಸಾಗುವ ರಸ್ತೆಯ ಅಂಚಿನಲ್ಲಿ ಮಣ್ಣಿಗೆ ಇಳಿದು, ಮತ್ತೆ ಡಾಂಬರಿಗೆ ಹತ್ತಿ, ಪುಸ್ತಕದ ಚೀಲದೊಡನೆ ಸಾಗುವ ಹುಡುಗಿಗೂ, ದೇಶ ನೋಡಲು ಹೊರಟ ಪ್ರವಾಸಿಗೂ ಬೇಕಾದ ದಾರಿ ಒಂದೇ. ಪ್ರವಾಸಿಗಾಗಿ ನೆಟ್ಟ ಮರದ ನೆರಳು ವರ್ಷವಿಡೀ ಬೀಳುವುದು ಶಾಲೆಯ ಮಕ್ಕಳ ಮೇಲೆಯೇ.

ಆದುದರಿಂದ ಇಂಥ ಮಾರ್ಗವನ್ನು ಗುರುತಿಸುವ ಕಾರ್ಯಕ್ಕೆ ಶಾಲೆಗಳಿಗಿಂತ ಯೋಗ್ಯರು ಬೇರೆ ಯಾರೂ ಇಲ್ಲ. ವಿದ್ಯಾರ್ಥಿಗಳೇ ತಮ್ಮ ಊರಿನಿಂದ ಮುಂದಿನ ಊರಿನವರೆಗೆ ದೂರವನ್ನು ಅಳೆದು, ಕುಡಿಯುವ ನೀರಿನ ತಾಣ, ನೆರಳಿನ ಮರ, ಸೈಕಲ್ ರಿಪೇರಿಯ ಅಂಗಡಿ, ಆರೋಗ್ಯ ಕೇಂದ್ರ, ಅಪಾಯದ ತಿರುವುಗಳನ್ನು ನಕಾಶೆಯಲ್ಲಿ ಬರೆಯಬಹುದು. ಭೂಗೋಳ, ಗಣಿತ, ಇತಿಹಾಸಗಳು ಅಲ್ಲಿ ಒಂದೇ ಪಾಠದಲ್ಲಿ ಕೂಡುತ್ತವೆ. ಫ್ರಾನ್ಸಿನ ಮಾದರಿಯಂತೆ ಒಂದು ಚೀಟಿಯನ್ನು ಅಚ್ಚುಹಾಕಿಸಿ, ದೇವಸುಗೂರು, ರಾಯಚೂರು, ಮಾನ್ವಿ, ಚೀಕಲಪರ್ವಿ, ದೇವದುರ್ಗ, ಗಬ್ಬೂರು ಎಂಬ ಆರು ಸ್ಥಳಗಳ ಮುದ್ರೆಗೆ ಜಾಗ ಬಿಡಬಹುದು. ಶಾಲೆ ಬಿಡುವ ಮುನ್ನ ಆರನ್ನೂ ಪಡೆದವನಿಗೆ ಒಂದು ಪುಸ್ತಕದ ಬಹುಮಾನ ಸಾಕು. ಉಳಿದವನ್ನು ದೊಡ್ಡವನಾದ ಮೇಲೆ ಪೂರೈಸಲು ಹಳೆಯ ವಿದ್ಯಾರ್ಥಿಗೂ ಅವಕಾಶವಿರಲಿ. ಆ ನೆಪದಿಂದಲಾದರೂ ಬೆಂಗಳೂರು, ಹೈದರಾಬಾದುಗಳಿಂದ ಅವನು ಊರಿಗೆ ಬಂದಾನು.

ದಾನಿಗಳ ಪಾಲೂ ಇದರಲ್ಲಿದೆ. ಕಟ್ಟಡಕ್ಕೆ ಕೊಡುವಷ್ಟು ಹಣ ಇದಕ್ಕೆ ಬೇಕಿಲ್ಲ. ಹತ್ತು ಕಿಲೋಮೀಟರಿಗೊಂದು ನೀರಿನ ತೊಟ್ಟಿ, ದಾರಿಯ ಎರಡು ಬದಿಗೆ ಬೇವಿನ ಸಸಿ, ಶಾಲೆಯ ಜಗಲಿಯಲ್ಲಿ ಒಂದು ಪಂಪು ಮತ್ತು ರಿಪೇರಿಯ ಪೆಟ್ಟಿಗೆ – ಇಷ್ಟರಿಂದ ಆರಂಭವಾಗಬಹುದು. ರಾತ್ರಿ ತಂಗುವುದಕ್ಕೆ ಫ್ರಾನ್ಸಿನವರು ಗುರುತಿನ ಫಲಕ ತೂಗುಹಾಕಬೇಕಾಯಿತು. ಈ ಸೀಮೆಯಲ್ಲಿ ಮಠಗಳ, ಗುಡಿಗಳ ಬಾಗಿಲು ಬಹುಕಾಲದಿಂದ ತೆರೆದೇ ಇದೆ. ಶ್ರೀಶೈಲದ ಪಾದಯಾತ್ರಿಗೆ ವರ್ಷಕ್ಕೊಮ್ಮೆ ಹಾಕುವ ಚಪ್ಪರದ ಉದಾರತೆಯು ಸೈಕಲ್ಲಿನ ಬಾಲಯಾತ್ರಿಗೂ ದೊರೆತರೆ, ಸೇನೆಗಳು ತುಳಿದ ದೋಆಬಿನ ನೆಲದಲ್ಲಿ ಮಕ್ಕಳ ಚಕ್ರಗಳು ನಿರ್ಭಯವಾಗಿ ಉರುಳುವವು. ಸೂಗೂರೇಶ್ವರನ ಸನ್ನಿಧಿಯಿಂದ ಹೊರಟು ಎರಡು ನದಿಗಳನ್ನು ಕಂಡು ಮರಳಿದ ಮಗು ತನ್ನ ನಾಡನ್ನು ಕಾಲಿನಿಂದ ಅರಿತಿರುತ್ತದೆ. ಆ ಅರಿವನ್ನು ಮುಂದೆ ಮರೆಯುವುದಿಲ್ಲ.